ಎರಡು ಬೆಂಕಿಗಳ ನಡುವಿನ ಕೆರೆ

ನೆಲೋಗಿಯ ನಮ್ಮ ತವರುಮನೆಯಲ್ಲಿ ನೆಲವೆಂದರೆ ಫರಸಿ. ಅಂಗಳಕ್ಕೆ ಫರಸಿ, ಪಡಸಾಲೆಗೆ ಫರಸಿ, ಬಚ್ಚಲಿಗೆ ಫರಸಿ. ಜೇವರ್ಗಿ ಸೀಮೆಯಲ್ಲಿ ಹುಟ್ಟಿದ ಕೂಸು ಅಂಬೆಗಾಲಿಡುವುದೇ ಆ ನಸುನೀಲಿ ಹಾಸುಗಲ್ಲಿನ ತಂಪಿನ ಮೇಲೆ. ಅಷ್ಟು ದೊಡ್ಡ ನೆಲದಲ್ಲಿ ದೇವರ ಜಗಲಿಯ ಮುಂದಿನ ಒಂದು ಫರಸಿಗೆ ಮಾತ್ರ ವಿಶೇಷ ಮರ್ಯಾದೆಯಿತ್ತು, ಏಕೆಂದರೆ ಅದರ ಮೈಯಲ್ಲಿ ಒಂದು ಗಿಡವಿತ್ತು. ಅಂಗೈಯಗಲದ ಕಪ್ಪು ಗಿಡ: ಬುಡ, ಬುಡದಿಂದ ಕೊಂಬೆ, ಕೊಂಬೆಯಿಂದ ಟಿಸಿಲು, ಟಿಸಿಲಿನ ತುದಿಗೆ ಕೂದಲೆಳೆಯಂಥ ಎಲೆ. ನಮ್ಮಜ್ಜಿ ಅದನ್ನು ಪತ್ರಿಗಿಡ, ಅಂದರೆ ಬಿಲ್ವ, ಎನ್ನುತ್ತಿದ್ದಳು. ಸೋಮವಾರ ಲಿಂಗಪೂಜೆ ಮುಗಿಸಿ ಎದ್ದವಳು ಒಂದು ಪತ್ರಿದಳವನ್ನು ಆ ಕಲ್ಲಿನ ಮೇಲೂ ಇಟ್ಟು, "ನಮ್ಮ ನೆಲಾನೂ ಶರಣರ ಪೈಕೀನೇ ನೋಡವ್ವಾ, ಹುಟ್ಟತಾನೇ ಪತ್ರಿ ಏರಿಸ್ಕೊಂಡು ಬಂದದ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಬಂದವರು ತಲೆದೂಗುತ್ತಿದ್ದರು. ಅಲ್ಲ ಎನ್ನುವ ಎದೆಗಾರಿಕೆ ಅಜ್ಜಿಯ ಮುಂದೆ ಯಾರಿಗಿತ್ತು ಹೇಳಿ?

ಆಮೇಲೆ ನಾನು ಓದಿ ವಿಜ್ಞಾನದ ಟೀಚರ್ ಆದೆ, ಆಳಂದ ತಾಲೂಕಿನ ನರೋಣಾಕ್ಕೆ ಸೊಸೆಯಾಗಿ ಬಂದೆ. ತವರಿನವರು ಹಳೆಯ ನೆಲ ಕಿತ್ತು ಟೈಲ್ಸ್ ಹಾಕಿಸುವಾಗ ಎಲ್ಲರೂ ತಾಮ್ರದ ಹಂಡೆಗೆ ಕಣ್ಣು ಹಾಕಿದ್ದರೆ ನಾನು ಮಾತ್ರ ಪತ್ರಿಗಿಡದ ಫರಸಿ ಬೇಕೆಂದು ಪಟ್ಟು ಹಿಡಿದೆ. ಅದನ್ನು ಹಳೇ ಸೀರೆಯಲ್ಲಿ ಸುತ್ತಿ, ಭೀಮೆ ದಾಟಿ, ಅಫಜಲಪುರದಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರ್ ಕಲ್ಲನ್ನು ಬಸ್ಸಿನ ಮಾಡಿನ ಮೇಲೆ ಹಾಕಬೇಕೆಂದ. ಹಾಕಿದರೆ ನನ್ನನ್ನೂ ಅಲ್ಲಿಗೇ ಏರಿಸಿ ಎಂದೆ. ಹೀಗೆ ತಂದ ಕಲ್ಲನ್ನು ಶಾಲೆಯಲ್ಲಿಟ್ಟು, "ನೋಡಿ ಮಕ್ಕಳೇ, ಪಳೆಯುಳಿಕೆ ಎಂದರೆ ಇದು" ಎಂದು ಎಷ್ಟೋ ವರ್ಷ ಪಾಠ ಮಾಡಿದೆ.

ಕಲಬುರಗಿಯಿಂದ ಒಬ್ಬ ಭೂವಿಜ್ಞಾನದ ಪ್ರೊಫೆಸರ್, ಮಿತಭಾಷಿ ಹೆಣ್ಣುಮಗಳು, ಒಮ್ಮೆ ನಮ್ಮ ಶಾಲೆಯ ಸಭೆಗೆ ಬಂದರು. ನಾನು ಹೆಮ್ಮೆಯಿಂದ ಫರಸಿಯ ಮೇಲಿನ ಬಟ್ಟೆ ಸರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಮಸೂರ ಕಣ್ಣಿಗೆ ಹಿಡಿದು ನೋಡಿ, ಊರಿನ ಹಿರಿಯರೆಲ್ಲ ಕೂತಿದ್ದ ಸಭೆಯಲ್ಲೇ ಹೇಳಿಬಿಟ್ಟರು: "ಟೀಚರ್ರೇ, ಇದು ಗಿಡ ಅಲ್ಲರಿ."

ಅಲ್ಲರಿ ಅಂದರೆ? ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಸಾವಕಾಶವಾಗಿ ವಿವರಿಸಿದರು. ಕಲ್ಲಿನ ಸೀಳಿನೊಳಗೆ ನೀರು ಇಳಿಯುವಾಗ ಅದರಲ್ಲಿ ಕರಗಿದ ಮ್ಯಾಂಗನೀಸು ಒದ್ದೆ ಕಾಗದದಲ್ಲಿ ಮಸಿ ಹಬ್ಬಿದ ಹಾಗೆ ಹಬ್ಬಿ ಕೊಂಬೆ ಬಿಟ್ಟಿದೆ; ಎಲೆಗೆ ಇರಬೇಕಾದ ನರವಿಲ್ಲ, ತೊಟ್ಟಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ಗಟ್ಟಿಯಾದದ್ದು. ಜೇವರ್ಗಿಯ ಫರಸಿ ಬಹಳ ಪುರಾತನ ಸಮುದ್ರವೊಂದರ ತಳದ ಕೆಸರು. ಅದು ಗಟ್ಟಿಯಾಗುವ ಕಾಲಕ್ಕೆ ಭೂಮಿಯ ಮೇಲೆ ಗಿಡವೇ ಹುಟ್ಟಿರಲಿಲ್ಲ. "ಮುತ್ತಜ್ಜಿ ಲಗ್ನದ ಫೋಟೋದಾಗ ಮರಿಮೊಮ್ಮಗಳು ಕೂಸಾಗಿ ತೊಟ್ಟಿಲದಾಗ ಮಲಗ್ಯಾಳ ಅಂದ್ರ ಹ್ಯಾಂಗ ನಂಬೂದ್ರಿ?" ಎಂದರು. ಸಭೆ ನಕ್ಕಿತು. ಅಂದಿನಿಂದ ನಾನು ನರೋಣಾದಲ್ಲಿ ಪತ್ರಿಗಿಡದ ಟೀಚರ್ ಆದೆ. ನಮ್ಮ ಮನೆಯವರಂತೂ ಬಿಸಿಲೇರಿದ ದಿನವೆಲ್ಲ, "ಏನಬೇ, ನಿನ್ನ ಗಿಡಕ್ಕ ನೀರ ಹಾಕಿದೇನು?" ಎಂದು ಕೇಳದೆ ಚಹಾ ಕುಡಿದವರಲ್ಲ.

ಸಿಟ್ಟು ಇಳಿಯಲು ನನಗೆ ಬಹಳ ದಿನ ಹಿಡಿಯಿತು. ನಾನು ಬೇಗ ಸಿಟ್ಟಾಗುವವಳು, ಸಾವಕಾಶವಾಗಿ ತಣ್ಣಗಾಗುವವಳು. ತಣ್ಣಗಾದ ಮೇಲೆ ಮಾತ್ರ ಆ ಎರಡನೆಯ ಕಾರಣ ತಲೆಯೊಳಗೆ ಹೊಕ್ಕು ಮನೆ ಮಾಡಿತು. ನೋಡಿ, ಪಳೆಯುಳಿಕೆಯ ವಿದ್ಯೆ ನಿಂತಿರುವುದೇ ಈ ಕ್ರಮದ ಮೇಲೆ. ಹಿಂದಿನವರು ಜೋಳ ತುಂಬುತ್ತಿದ್ದ ನೆಲದೊಳಗಿನ ಹಗೇವಿನಲ್ಲಿ ಮೊದಲು ಸುರಿದದ್ದು ತಳದಲ್ಲಿರುತ್ತದೆ, ಕಡೆಗೆ ಸುರಿದದ್ದು ಬಾಯಿಯ ಹತ್ತಿರ. ಭೂಮಿಯ ಪದರಗಳೂ ಹಾಗೆಯೇ. ತೀರ ತಳದಲ್ಲಿ ಬರಿಯ ಲೋಳೆಯಂಥ ಜೀವ, ಅದರ ಮೇಲೆ ಚಿಪ್ಪು ಕಟ್ಟಲು ಕಲಿತವು, ಅದರ ಮೇಲೆ ಮೀನು, ಮೀನಿನ ಮೇಲೆ ನೆಲಕ್ಕೆ ಕಾಲೂರಿದವು, ಬಹಳ ಬಹಳ ಮೇಲೆ, ಹಗೇವಿನ ಬಾಯಿಗೆ ಅಂಟಿದ ಕಾಳಿನಷ್ಟು ಮೇಲೆ, ನಾವು. ಯಾವ ದೇಶದ ಯಾರೇ ಅಗೆಯಲಿ, ಮೊದಲ ಮೀನಿಗಿಂತ ಕೆಳಗೆ ಹಕ್ಕಿಯ ಮೂಳೆ ಒಬ್ಬರಿಗೂ ಸಿಕ್ಕಿಲ್ಲ. ವಿಕಾಸವಾದವನ್ನು ಪುಸ್ತಕದಿಂದ ಓದಿ ಹೇಳುತ್ತಿದ್ದವಳಿಗೆ ಅದರ ಬಲ ಮೊದಲ ಬಾರಿಗೆ ತಿಳಿದದ್ದು ಹೀಗೆ, ಸ್ವಂತ ಮುಖಭಂಗದಿಂದ. ಅಜ್ಜಿಯ ಫರಸಿಯನ್ನು ನಾನು ಶಾಲೆಯಿಂದ ತೆಗೆಯಲಿಲ್ಲ. "ಪಳೆಯುಳಿಕೆ ಅಲ್ಲದ್ದು ಹೇಗಿರುತ್ತದೆ" ಎಂಬ ಪಾಠಕ್ಕೆ ಅದನ್ನೇ ಇಟ್ಟುಕೊಂಡೆ.

ಇಷ್ಟಾಗಿ ಎರಡು ಮಳೆಗಾಲ ಕಳೆದಿರಬೇಕು. ನಮ್ಮ ಹೊಲಕ್ಕೆ ಹತ್ತಿಕೊಂಡೇ ಖಾಜಾಬಿ ಅಮ್ಮನ ಹೊಲ. ಗಂಡ ತೀರಿಹೋದ ಮೇಲೆ ಒಕ್ಕಲುತನದ ಲಗಾಮು ಹಿಡಿದ ಹೆಂಗಸು. ಮಗ ಮಹಬೂಬ ಮೀಸೆಯಲ್ಲಿ ನರೆ ಕಂಡವನಾದರೂ ಅಮ್ಮನ ಮಾತು ದಾಟುವವನಲ್ಲ. ಆ ಬೇಸಿಗೆಯಲ್ಲಿ ಅವರು ಬಾವಿ ತೋಡಿಸಿದರು. ಎರೆಮಣ್ಣು ಹೋಯಿತು, ಗರಸು ಹೋಯಿತು, ಆಳಂದ ಸೀಮೆಯ ಕಬ್ಬಿಣದಂಥ ಕರಿಕಲ್ಲು ಮದ್ದು ಹಾಕಿದಂತೆಲ್ಲ ಸಿಡಿದು ಹೊರಬಂತು. ಅದರ ಕೆಳಗೆ ಒಂದಾಳು ಎತ್ತರದ ಬಿಳಿಕಲ್ಲಿನ ಪದರ. ಅದನ್ನೂ ದಾಟಿದರೆ ಮತ್ತೆ ಕರಿಕಲ್ಲು, ಆ ಸಂದಿನಲ್ಲಿ ನೀರು. ಖಾಜಾಬಿ ಅಮ್ಮ ಓಣಿಗೆಲ್ಲ ಸಕ್ಕರೆ ಹಂಚಿ, ಹೊಸ ನೀರು ಕುಡಿಯಲು ಕರೆದರು. ನಾನೂ ಹೋಗಿ ತಂಬಿಗೆ ಎತ್ತಿ ಕುಡಿದು, ಬಾಯಿ ಒರೆಸುತ್ತ ಬಾವಿಯ ಪಕ್ಕದ ಕಲ್ಲಿನ ರಾಶಿಯತ್ತ ಕಣ್ಣು ಹೊರಳಿಸಿದೆನೋ ಇಲ್ಲವೋ, ನಿಂತಲ್ಲೇ ನಿಂತೆ.

ಒಡೆದ ಬಿಳಿಕಲ್ಲೊಂದರ ಮೈತುಂಬ ಬಸವನಹುಳುಗಳಿದ್ದವು. ಸುರುಳಿ ಸುರುಳಿಯಾಗಿ, ಹೆಬ್ಬೆರಳ ಗಾತ್ರದವು, ಕಡಲೆಕಾಳಿನ ಗಾತ್ರದವು, ಎಲ್ಲವೂ ಕಲ್ಲಾಗಿ.

ಕುಣಿಯಬೇಕೆನಿಸಿತು, ಕುಣಿಯಲಿಲ್ಲ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಂತೆ. ಇನ್ನೊಮ್ಮೆ ಊರ ಮುಂದೆ ಅಲ್ಲರಿ ಅನ್ನಿಸಿಕೊಂಡರೆ ಪಾಠ ಹೇಳಲು ಯಾವ ಮುಖ ಉಳಿಯುತ್ತದೆ? ಸುತ್ತಲಿನವರು ಇಲ್ಲಿ ಸಮುದ್ರವಿತ್ತೆಂದು ತೀರ್ಪು ಕೊಟ್ಟು ಸಕ್ಕರೆ ಚಪ್ಪರಿಸುತ್ತ ಮನೆಗೆ ನಡೆದರು. ನಾನು ಮಾತ್ರ ಮಹಬೂಬನನ್ನು ಈ ಕಲ್ಲಿಗೇನು ಮಾಡುತ್ತೀಯಪ್ಪ ಎಂದು ಕೇಳಿದೆ.

"ಹೊಲದ ದಾರಿಗಿ ಹಾಕ್ತೇನಿ ಟೀಚರ್ರೇ. ಮಳಿ ಬಂದ್ರ ಮೊಣಕಾಲ್ಮಟ ರಾಡಿ. ರಾಶಿ ಹೊತ್ತ ಟ್ರ್ಯಾಕ್ಟರ್ ಹ್ವಾದ ವರ್ಷ ಹುಗದು, ಊರಿಗಿ ಊರೇ ಬಂದು ಎತ್ತಬೇಕಾತು."

ಆ ಕಲ್ಲು ದಾರಿಗೆ ಬಿದ್ದರೆ ಮುಗಿಯಿತು. ರೋಲರಿನ ಕೆಳಗೆ ಪುಡಿಯಾಗಿ, ಇಲ್ಲಿ ಏನಿತ್ತೆಂದು ಹೇಳುವ ಬಾಯಿಯೇ ಇಲ್ಲವಾಗುತ್ತದೆ. ಬಾವಿಯೊಳಗಿನ ಪದರಕ್ಕೆ ಆಗಲೇ ಕಟ್ಟೆ ಕಟ್ಟಲು ಹೊರಟಿದ್ದರು. ನಾನು ಕಲ್ಲಿನ ಮುಂದೆ ನಿಂತು, ಇವು ಕೋಟಿಗಟ್ಟಲೆ ವರ್ಷ ಹಿಂದಿನವು ಇರಬಹುದು, ಒಂದಿಷ್ಟು ದಿನ ತಡೆಯಪ್ಪ ಎಂದು ಬೇಡಿಕೊಂಡೆ. ಕಲ್ಲನ್ನೂ ಕಟ್ಟೆಯ ಕೆಲಸವನ್ನೂ ಮಳೆಗಾಲವೆಲ್ಲ ತಡೆದ; ಆ ಪ್ರೊಫೆಸರಿಗೆ ಫೋನು ಮಾಡುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಹಿಂಗಾರಿನ ಜೋಳ ಬಿತ್ತುವ ಹೊತ್ತಿಗೆ ಮಾತ್ರ ಆ ಕಲ್ಲಿನ ರಾಶಿಯು ಬಿತ್ತುವ ನೆಲವನ್ನೇ ಹಿಡಿದುಕೊಂಡು ಕೂತಿತ್ತು. ಮಹಬೂಬ ಮನೆಬಾಗಿಲಿಗೇ ಬಂದು ನಿಂತ.

"ಟೀಚರ್ರೇ, ನಿಮ್ಮ ಹುಳಾ ಕೋಟಿ ವರ್ಷ ಕಾದಾವಂತೀರಿ, ಇನ್ನಾ ಕಾಯ್ತಾವ. ನಮ್ಮ ಹದಾ ನಾಕ ದಿನಾ ಸೈತ ಕಾಯಂಗಿಲ್ರಿ."

ಎರೆಭೂಮಿಯ ಹದದ ಮುಂದೆ ಯಾವ ವಿಜ್ಞಾನವೂ ದೊಡ್ಡದಲ್ಲ ಎಂಬುದು ಒಕ್ಕಲುತನದ ಮನೆಯ ಸೊಸೆಯಾದ ನನಗೆ ಗೊತ್ತು. ಉಳಿದದ್ದು ಒಂದೇ ಉಪಾಯ, ಮುಯ್ಯಾಳು. ನಿಮ್ಮ ಕಡೆ ಏನನ್ನುತ್ತಾರೋ. ಇಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕೆಲಸಕ್ಕೆ ಹೋದರೆ ಅವರು ತಿರುಗಿ ಬಂದು ನಮ್ಮ ಹೊಲದಲ್ಲಿ ದುಡಿದು ಮುಯ್ಯಿ ತೀರಿಸುತ್ತಾರೆ, ಕೂಲಿಯ ಮಾತಿಲ್ಲ. ನಾನು ಓಣಿಯ ಹೆಂಗಸರ ಮನೆಮನೆಗೆ ಹೋಗಿ, ಖಾಜಾಬಿ ಅಮ್ಮನ ಹೊಲದ ಕಲ್ಲು ಆರಿಸಲು ಬನ್ನಿ, ಮುಯ್ಯಿ ನನ್ನ ಹೆಸರಿಗೆ ಹಿಡಿಯಿರಿ ಎಂದು ಕೇಳಿದೆ. ಕುಡುಗೋಲು ಹಿಡಿದರೆ ಬೆರಳು ಕೊಯ್ದುಕೊಳ್ಳುವ ಟೀಚರು ತಮ್ಮ ತೊಗರಿ ಕೊಯ್ಯುವುದನ್ನು ನೋಡುವ ಆಸೆಗೇ ಎಷ್ಟೋ ಮಂದಿ ಬಂದರೆಂದು ನನ್ನ ಅನುಮಾನ. ಕರಿಕಲ್ಲು ಒಂದು ಕಡೆ, ಬಿಳಿಕಲ್ಲು ಹೊಲದಂಚಿನ ಒಡ್ಡಿನ ಮೇಲೆ. ಕೈಯಿಂದ ಕೈಗೆ ಕಲ್ಲು ಸಾಗಿದವು. ನಮ್ಮ ಮನೆಯವರೂ ಬಂದು, "ಪತ್ರಿಗಿಡಕ್ಕ ಈಗ ಹುಳಾ ಹತ್ಯಾವ ನೋಡ್ರಿ" ಎಂದು ನಗಿಸುತ್ತಲೇ ಎಲ್ಲರಿಗಿಂತ ಭಾರದ ಕಲ್ಲುಗಳನ್ನು ಹೊತ್ತರು. ಹೊತ್ತು ಮುಳುಗುವಷ್ಟರಲ್ಲಿ ನೆಲ ಖುಲ್ಲಾ ಆಯಿತು, ಹದ ತಪ್ಪದೆ ಜೋಳ ಬಿತ್ತಿದರು.

ಖಾಜಾಬಿ ಅಮ್ಮ ಒಡ್ಡನ್ನು ನೋಡಿ ಕರಾರು ಹಾಕಿದರು: "ಎಳ್ಳಮಾಸಿ ತನಕಾ ಇರ್ಲಿ ಬೇಟಿ. ಅಷ್ಟರಾಗ ನಿನ್ನ ಮೇಡಂ ಖರೇ ಅದಾವೋ ಸುಳ್ಳ ಅದಾವೋ ಹೇಳ್ಲಿ. ಸುಳ್ಳಾದ್ರ ಮರುದಿನಾನೇ ದಾರಿಗಿ."

ಪ್ರೊಫೆಸರಿಗೆ ಫೋನು ಮಾಡಿದೆ. "ಪತ್ರಿಗಿಡದ ಟೀಚರ್ ಅಲ್ರೇನು?" ಎಂದರು. ಅಲ್ಲಿಗೂ ಹೆಸರು ತಲುಪಿತ್ತು! ಆದರೂ ಬಂದರು, ಕಟ್ಟೆ ಏಳುವ ಮೊದಲೇ ಬಾವಿಗಿಳಿದು ಪದರ ಅಳೆದರು, ಸುತ್ತಿಗೆಯಿಂದ ಕಲ್ಲು ಒಡೆದರು, ಚೀಲದಲ್ಲಿ ತುಂಬಿಕೊಂಡರು. ಏನನಿಸುತ್ತದೆ ಎಂದು ಕೇಳಿದರೆ, "ಈಗೇನೂ ಹೇಳಂಗಿಲ್ರಿ" ಎಂದು ಜೀಪು ಹತ್ತಿದರು. ಗೆಳೆಯರೇ, ಆ ಹೆಣ್ಣುಮಗಳ ಮಿತಭಾಷೆಯನ್ನು ನಾನು ಅಂದು ಎಷ್ಟು ಶಪಿಸಿದೆನೋ!

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಸತ್ತ ಜೀವವನ್ನು ಅರಿಯಬೇಕಾದರೆ ಅದರ ಬದುಕಿರುವ ಬಳಗವನ್ನು ನೋಡಬೇಕು, ವಿಜ್ಞಾನಿಗಳು ಮಾಡುವುದೂ ಅದನ್ನೇ. ಊರ ಕೆರೆಯ ದಂಡೆಗೆ ಹೋಗಿ ಚಿಪ್ಪುಗಳನ್ನು ಆಯ್ದು ತಂದು, ಕಲ್ಲಿನವುಗಳ ಪಕ್ಕಕ್ಕಿಟ್ಟು, ಚೂಪುತುದಿ ಮೇಲೆ, ಬಾಯಿ ನನ್ನ ಕಡೆಗೆ ಬರುವಂತೆ ಸಾಲಾಗಿ ನಿಲ್ಲಿಸಿದೆ. ಕೆರೆಯ ಚಿಪ್ಪುಗಳೆಲ್ಲದರ ಬಾಯಿ ಬಲಕ್ಕೆ. ಕಲ್ಲಿನವುಗಳ ಬಾಯಿ ಎಡಕ್ಕೆ, ಒಂದೂ ಬಿಡದಂತೆ ಎಡಕ್ಕೆ. ಹೀಗೂ ಇರುತ್ತದೆಯೇ? ಇದೂ ಮ್ಯಾಂಗನೀಸಿನಂಥದೇ ಯಾವುದೋ ಕಲ್ಲಿನ ಕಣ್ಕಟ್ಟೇ? ಎಳ್ಳಮಾವಾಸ್ಯೆ ಹತ್ತಿರ ಬಂದಂತೆಲ್ಲ ರೊಟ್ಟಿ ರುಚಿಸದಾಯಿತು. ಮನೆಯವರು ಹಾಸ್ಯ ಮಾಡುವುದನ್ನು ಬಿಟ್ಟರು. ಅದು ನನಗೆ ಇನ್ನೂ ಹೆಚ್ಚಿನ ಭಯ ಹುಟ್ಟಿಸಿತು.

ಎಳ್ಳಮಾವಾಸ್ಯೆಯಂದು ನಮ್ಮ ಸೀಮೆಯಲ್ಲಿ ಊರಿನೊಳಗೆ ಯಾರೂ ಉಳಿಯುವುದಿಲ್ಲ. ಜಾತಿ ಯಾವುದಿರಲಿ, ಹೊಲ ಇದ್ದವರು ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಬೆಳೆಯ ನಡುವೆ ಭೂಮಿಗೆ ಮೊದಲ ತುತ್ತು ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಆ ಚೆಲ್ಲುವ ಅನ್ನವೇ ಚರಗ; ಚೆಲ್ಲುವವನು ಕೂಗು ಹಾಕಿದರೆ ಉಳಿದವರು ಮರುಕೂಗು ಕೊಡಬೇಕು. ಖಾಜಾಬಿ ಅಮ್ಮ ನಮ್ಮನ್ನೂ ಕರೆದಿದ್ದರು, ಪ್ರೊಫೆಸರನ್ನೂ. ತೆನೆ ಹಿಡಿದ ಜೋಳದ ಬದಿಗೆ ಕಂಬಳಿ ಹಾಸಿ, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಎಲ್ಲ ಬಿಚ್ಚಿಟ್ಟಿದ್ದರು. ಪ್ರೊಫೆಸರು ಬಂದರು, ಕಾಲು ತೊಳೆದರು, ಕೂತರು. ನಾನು ಅವರ ಮುಖದಲ್ಲಿ ಓದಲು ಏನಾದರೂ ಇದೆಯೇ ಎಂದು ನೋಡುತ್ತಲೇ ಇದ್ದೆ. ಕಡೆಗೆ ತಡೆಯಲಾರದೆ, "ಮೇಡಂ, ಬಾಯಿ ಎಡಕ್ಕ ಅದಾವಲ್ರಿ" ಎಂದು ಉಸುರಿದೆ.

ಅವರು ನಕ್ಕರು. ಆ ಹೆಣ್ಣುಮಗಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. "ಅದನ್ನ ನೀವೇ ಕಂಡ್ರೇನ್ರಿ? ಭೇಷ್! ಅದೇ ಇವುಗಳ ಕುಲದ ಗುರ್ತಾ. ಬಸವನಹುಳದಾಗ ಎಡಮುರಿ ಮನೆತನಾನೇ ಬ್ಯಾರೆ ಅದ. ಅವುಗಳ ಬಳಗಾ ಇವತ್ತಿಗೂ ಹೊಂಡದಾಗ, ಕೆರಿಯಾಗ ಬದುಕ್ಯಾವ, ಇವತ್ತಿಗೂ ಎಡಕ್ಕೇ ಸುತ್ತತಾವ. ಇವು ಖರೇ ಪಳೆಯುಳಿಕೆರಿ."

ನಾನು ಕೂಗಿದೆನಂತೆ. ನನಗೆ ನೆನಪಿಲ್ಲ, ಮನೆಯವರು ಹೇಳುವುದು, ಜೋಳದೊಳಗಿನ ಗುಬ್ಬಿಗಳೆಲ್ಲ ಎದ್ದು ಹಾರಿದವೆಂದು.

ಮುಂದೆ ಪ್ರೊಫೆಸರು ಒಂದೊಂದನ್ನೂ ಬಿಡಿಸಿ ಹೇಳಿದರು, ನಾವು ಬಿಚ್ಚಿಟ್ಟ ಊಟವನ್ನೂ ಮರೆತು ಕೇಳಿದೆವು. ಇಲ್ಲಿ ಇದ್ದದ್ದು ಸಮುದ್ರವಲ್ಲ, ಸಿಹಿನೀರಿನ ಕೆರೆ. ಮಸೂರದ ಕೆಳಗೆ ಕೆರೆಯ ಕಳೆಯ ಬೀಜದಂಥ ಕಣಗಳೂ ಅದೇ ಕಲ್ಲಿನಲ್ಲಿ ಕಂಡಿವೆ. ಚಿಪ್ಪುಗಳು ಉರುಳಿ ಸವೆದಿಲ್ಲ, ಮರಿಗಳಿಂದ ಮುದಿಯವುಗಳವರೆಗೆ ಎಲ್ಲ ವಯಸ್ಸಿನವು ಒಟ್ಟಿಗಿವೆ. ಅಂದರೆ ಹೊಳೆ ಎಲ್ಲಿಂದಲೋ ತಂದು ಎಸೆದ ಹೆಣಗಳಲ್ಲ, ಇಲ್ಲೇ ಹುಟ್ಟಿ ಇಲ್ಲೇ ಬಾಳಿದ ಸಂಸಾರಗಳು. ಕೆಳಗಿನ ಕರಿಕಲ್ಲು ಒಮ್ಮೆ ಉಕ್ಕಿ ಹರಿದ ಬೆಂಕಿ. ಅದು ಆರಿ, ತಣ್ಣಗಾಗಿ, ಅದರ ತಗ್ಗಿನಲ್ಲಿ ಮಳೆಯ ನೀರು ನಿಂತು, ಎಲ್ಲಿಂದಲೋ ಬಂದ ಜೀವ ಕೆರೆ ತುಂಬಿತು. ಮೇಲಿನ ಕರಿಕಲ್ಲು ಮತ್ತೊಮ್ಮೆ ಬಂದ ಬೆಂಕಿ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದಿನ ಮಾತು. ದೈತ್ಯ ಡೈನೋಸಾರುಗಳು ಭೂಮಿಯಿಂದ ಅಳಿದ ಕಾಲದ ಆಸುಪಾಸು. ಈ ಕೆರೆ ಅದಕ್ಕಿಂತ ತುಸು ಹಿಂದಿನದೋ ಮುಂದಿನದೋ ಎಂದು ಕೇಳಿದರೆ, "ಅದು ಇನ್ನಾ ಗೊತ್ತಾಗಿಲ್ರಿ" ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಆ ಬಾಯಿ ಖರೇ ಎಂದದ್ದಕ್ಕೆ ಬೆಲೆ ಎಷ್ಟೆಂದು ಆಗ ಅರ್ಥವಾಯಿತು.

ಹಿಗ್ಗು ಎಂದರೆ ಅದು! ನನ್ನ ಮಾನ ಉಳಿಯಿತೆಂಬುದು ಆ ಹಿಗ್ಗಿನ ಚೂರು ಮಾತ್ರ. ಸುತ್ತ ಹತ್ತು ಹರಿದಾರಿ ಬೆಂಕಿಯ ನೆಲ. ಅದರ ನಡುವೆ ಒಂದು ಹೊಂಡ ನೀರು ನಿಂತದ್ದೇ ಸಾಕೆಂದು ಮೊಟ್ಟೆಯಿಟ್ಟು, ಮರಿ ಮಾಡಿ, ಕುಲದ ಎಡಮುರಿಯನ್ನು ಮರೆಯದೆ ಮಕ್ಕಳಿಗೆ ದಾಟಿಸಿದ ಆ ಅಂಗುಷ್ಠಗಾತ್ರದ ಜೀವಗಳ ಛಲವನ್ನು ನೆನೆದು ನನಗೆ ಕಣ್ಣೀರು ಬಂತು. ಡೈನೋಸಾರು ಹೋಯಿತು, ಇವುಗಳ ವಂಶ ಉಳಿಯಿತು. ಜೋಳದ ಬೀಜಕ್ಕೆ ಒಳ್ಳೆಯ ತೆನೆಯನ್ನು ನಾವು ವರ್ಷವರ್ಷ ಆರಿಸಿಡುತ್ತೇವಲ್ಲ, ಹಾಗೆ ಆರಿಸುವ ಕೈಯೊಂದು ಇಲ್ಲದೆಯೂ ಬರ, ನೀರು, ಬೆಂಕಿಗಳೇ ಆರಿಸಿ ಆರಿಸಿ ಜೀವವನ್ನು ಇಲ್ಲಿಯವರೆಗೆ, ಈ ಕಂಬಳಿಯ ಮೇಲೆ ಕೂತು ಭಜ್ಜಿ ಉಣ್ಣಲು ಕಾದ ನಮ್ಮವರೆಗೆ ತಂದಿವೆ. ಈ ದೊಡ್ಡ ಸಂಗತಿಯನ್ನು ಒಂದು ಬಾವಿಯ ಕಲ್ಲಿನಿಂದ ಓದಲು ಕಲಿತ ಮನುಷ್ಯನ ಬುದ್ಧಿಯನ್ನೂ ನಾನು ಮನಸಾರೆ ಮೆಚ್ಚಿದೆ.

ಖಾಜಾಬಿ ಅಮ್ಮ ಮಾತ್ರ ಇನ್ನೂ ಏನೋ ಯೋಚಿಸುತ್ತಿದ್ದರು. "ಮೇಡಂ, ಮ್ಯಾಲ ಬೆಂಕಿ ಬಂತು ಅಂದ್ರಿ. ಹಂಗಾದ್ರ ಇವು ಎಲ್ಲಾ ಸತ್ತುಹ್ವಾದ್ವಲ್ಲ. ಮುಂದ?"

"ಒಂದು ಕೆರಿ ಬತ್ತಿತ್ರಿ ಅಮ್ಮಾ. ಇವುಗಳ ಬಳಗಾ ಬ್ಯಾರೆ ಕೆರಿಯಾಗ ಇತ್ತು. ಬೆಂಕಿ ಆರಿದ ಮ್ಯಾಲ ಜೀವಾ ಮತ್ತ ಬಂತು."

ಚರಗದ ಹೊತ್ತಾಗಿತ್ತು, ಮಹಬೂಬ ಬುಟ್ಟಿ ಎತ್ತಿಕೊಂಡು ಜೋಳದೊಳಗೆ ಹೊರಟಿದ್ದ. ಅಮ್ಮ ಅವನನ್ನು ಕರೆದು ನಿಲ್ಲಿಸಿದರು.

"ಲೇ ಮಹಬೂಬಾ, ಮೊದಲಾ ಆ ಬಿಳಿ ಒಡ್ಡಿಗಿ ಚೆಲ್ಲು."

"ದಾರಿಗಿ ಹಾಕೋ ಕಲ್ಲಿಗಿ ಚರಗಾ ಯಾಕಮ್ಮಾ?"

"ದಾರಿಗಿ ಕರಿಕಲ್ಲು ರಗಡ ಅದಾವ, ಹಾಕು ಹೋಗು. ಇವು ನಮಗಿಂತಾ ಮೊದಲು ಈ ಹೊಲದಾಗ ಸಂಸಾರಾ ಮಾಡಿದವ್ರು. ಅವ್ರ ಪಾಲು ಅವ್ರಿಗಿ ಮುಟ್ಟಲಿ."

ಮಹಬೂಬ ನನ್ನ ಕಡೆ ನೋಡಿದ, ಅಮ್ಮನ ಕಡೆ ನೋಡಿದ, ಆಮೇಲೆ ಒಡ್ಡಿನ ತಲೆಯಿಂದ ಕೊನೆಯವರೆಗೆ ನಡೆಯುತ್ತ, ಬಿಳಿಕಲ್ಲುಗಳ ಮೇಲೆ ಹಿಡಿಹಿಡಿಯಾಗಿ ಅನ್ನ ಚೆಲ್ಲುತ್ತ, ಚರಗದ ಕೂಗು ಹಾಕಿದ. ನಾವೆಲ್ಲ ಎದ್ದು ನಿಂತು ಮರುಕೂಗು ಕೊಟ್ಟೆವು. ನಮ್ಮ ಮಿತಭಾಷಿ ಪ್ರೊಫೆಸರ ದನಿ ಎಲ್ಲರಿಗಿಂತ ಜೋರಾಗಿತ್ತು.